ಮಧ್ಯಸ್ಥಿಕೆಗೆ ಹೋದರೆ ಮತ್ತೆ ಗಂಡನ ಮನೆಗೇ ಕಳುಹಿಸುತ್ತಾರೆಯೇ?

ಪ್ರಶ್ನೆ: ನನಗೆ 36 ವರ್ಷ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಇಪ್ಪತ್ತು ತಿಂಗಳಿಂದ ಮಕ್ಕಳನ್ನು ಕಟ್ಟಿಕೊಂಡು ತವರಿನಲ್ಲಿದ್ದೇನೆ. ನಾನು ಕ್ರೌರ್ಯ ಎಸಗಿದ್ದೇನೆಂದು ಪತಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ನಾನು ಹಾಜರಾದ ಮೊದಲ ವಾಯಿದೆಯಲ್ಲೇ ನ್ಯಾಯಾಧೀಶರು ನಮ್ಮಿಬ್ಬರನ್ನೂ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದ್ದಾರೆ. ಈ ಹಿಂದೆ ಪತಿಯ ಸೋದರಮಾವನ ಮನೆಯಲ್ಲಿ ಎರಡು ಸಲ ಪಂಚಾಯಿತಿಯಾಗಿತ್ತು. ಎರಡು ಸಲವೂ ಹತ್ತಾರು ಜನರ ಮುಂದೆ ನನ್ನಿಂದಲೇ ಕ್ಷಮೆ ಕೇಳಿಸಿ, ಅವರೊಂದಿಗೆ ಕಳುಹಿಸಿಕೊಟ್ಟರು. ಈಗಲೂ ಹಾಗೆಯೇ ಆಗುತ್ತದೆಯೇ? ಅಲ್ಲಿ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ನನ್ನ ಮೇಲೆಯೇ ತಿರುಗಿಸುತ್ತಾರೆಯೇ? ‘ಹೋದರೆ ನಾವೇ ತಗ್ಗಿದಂತೆ, ಕೇಸು ನಡೆಯಲಿ’ ಎನ್ನುತ್ತಾನೆ ಅಣ್ಣ. ಇಬ್ಬರ ಹೆಸರಿನಲ್ಲೂ ಮನೆ ಸಾಲವಿದೆ, ನನ್ನ ಒಡವೆ ಅತ್ತೆಯ ಬಳಿ ಇದೆ. ಪತಿ ಕೆಲವು ಬಾರಿ ಕೈ ಮಾಡಿದ್ದೂ ಇದೆ. ನಾನು ದೂರು ಕೊಟ್ಟಿಲ್ಲ. ಹೋಗಲೇ, ಬೇಡವೇ?

ಉತ್ತರ: ಹೋಗಿ. ಆದರೆ ಕೈಬೀಸಿಕೊಂಡು ಹೋಗಬೇಡಿ, ಸಿದ್ಧರಾಗಿ ಹೋಗಿ. ಆ ಸಿದ್ಧತೆ ಏನೆಂದು ಹೇಳಲಿಕ್ಕೇ ಈ ಉತ್ತರ ಇಷ್ಟು ಉದ್ದವಾಗಿದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಂದೆ ನಡೆಯಲಿರುವ ಮಧ್ಯಸ್ಥಿಕೆಗಿಂತ ಹಿಂದೆ ನಡೆದ ಪಂಚಾಯಿತಿಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅನ್ನಿಸಿತು. ಅದು ಸಹಜ. ನಮ್ಮ ಭಾಷೆಯೂ ಈ ಗೊಂದಲಕ್ಕೆ ತುಸು ಕಾರಣ. ಮಧ್ಯಸ್ಥಿಕೆ, ಸಂಧಾನ, ರಾಜಿ, ಪಂಚಾಯಿತಿ ಎಂಬ ಮಾತುಗಳೆಲ್ಲ ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತವೆ. ವ್ಯಾಪಾರದ ತಕರಾರುಗಳಲ್ಲಿ ತೀರ್ಪನ್ನೇ ಕೊಡುವವರನ್ನೂ ಮಧ್ಯಸ್ಥರೆಂದೇ ಕರೆಯುತ್ತೇವೆ. ಹೀಗಿರುವಾಗ ‘ಮಧ್ಯಸ್ಥಿಕೆಗೆ ಬನ್ನಿ’ ಎಂದರೆ ಸೋದರಮಾವನ ಜಗಲಿಯೇ ಕಣ್ಣ ಮುಂದೆ ಬರುವುದರಲ್ಲಿ ಆಶ್ಚರ್ಯವೇನಿದೆ?

ಅಲ್ಲಿ ನಡೆದದ್ದು ಇಷ್ಟು: ಒಂದು ಕಡೆಯ ನೆಂಟರು ಸೇರಿದರು, ಯಾರದು ತಪ್ಪೆಂದು ಅವರೇ ತೀರ್ಮಾನಿಸಿದರು, ಒಪ್ಪದಿದ್ದರೆ ಹತ್ತು ಜನರ ಬಾಯಿಗೆ ಬೀಳುವ ಹೆದರಿಕೆ ಹುಟ್ಟಿಸಿದರು. ನ್ಯಾಯಾಲಯದ ಮಧ್ಯಸ್ಥಿಕೆಯ ಕೋಣೆಯಲ್ಲಿ ಇರುವವರು ನೀವು, ನಿಮ್ಮ ಪತಿ, ಇಬ್ಬರ ವಕೀಲರು ಮತ್ತು ತರಬೇತಿ ಪಡೆದ ಒಬ್ಬ ಮಧ್ಯಸ್ಥಗಾರರು. ನೆಂಟರು ಒಳಗೆ ಬರಬೇಕಾದರೆ ನೀವಿಬ್ಬರೂ ಒಪ್ಪಬೇಕು. ಮಧ್ಯಸ್ಥಗಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ‘ತಿಂಗಳಿಗೆ ಇಷ್ಟು ಕೊಡಿ’, ‘ಮಗುವನ್ನು ಅವರಿಗೆ ಬಿಡಿ’ ಎಂದು ಅವರು ಆದೇಶಿಸಲಾರರು. ಅವರ ಕೆಲಸ ಮಾತು ಮುರಿಯದಂತೆ ನೋಡಿಕೊಳ್ಳುವುದು. ಬೇಕೆನಿಸಿದಾಗ ಒಬ್ಬೊಬ್ಬರನ್ನೇ ಕರೆದು ಮಾತನಾಡುತ್ತಾರೆ. ಆ ಪ್ರತ್ಯೇಕ ಮಾತುಕತೆಯಲ್ಲಿ ನೀವು ಹೇಳಿದ್ದನ್ನು ನಿಮ್ಮ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವನ್ನು ಕರ್ನಾಟಕ ಹೈಕೋರ್ಟ್ 2007ರಲ್ಲಿ ಆರಂಭಿಸಿತು. ಈಗ ಜಿಲ್ಲೆಗಳಲ್ಲೂ ಇಂಥ ಕೇಂದ್ರಗಳಿವೆ. ನ್ಯಾಯಾಲಯವೇ ಕಳುಹಿಸಿದ ಪ್ರಕರಣಕ್ಕೆ ಅಲ್ಲಿ ಶುಲ್ಕ ಕೊಡಬೇಕಾಗಿಲ್ಲ.

‘ಮತ್ತೆ ಕಳುಹಿಸುತ್ತಾರೆಯೇ’ ಎಂಬ ನಿಮ್ಮ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಒಂದಾಗುವ ಸಾಧ್ಯತೆಯ ಬಗ್ಗೆ ಒಮ್ಮೆಯಾದರೂ ಕೇಳಿಯೇ ಕೇಳುತ್ತಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು ಮತ್ತು 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಕಲಮು ನ್ಯಾಯಾಲಯಕ್ಕೆ ಆ ಹೊಣೆ ಹೊರಿಸಿವೆ. ಆದರೆ ಕೇಳುವುದು ಬೇರೆ, ಕಳುಹಿಸುವುದು ಬೇರೆ. ‘ಇಲ್ಲ, ಅದು ಸಾಧ್ಯವಿಲ್ಲ. ಉಳಿದ ವಿಷಯ ಮಾತನಾಡೋಣ’ ಎಂದರೆ ಅದೇ ಪೂರ್ಣ ಉತ್ತರ. ಕಾರಣಗಳ ಪಟ್ಟಿ ಒಪ್ಪಿಸಬೇಕಿಲ್ಲ. ನಮ್ಮ ಮಧ್ಯಸ್ಥಗಾರರಲ್ಲೂ ಕೆಲವರಿಗೆ ಸಂಸಾರ ಸರಿಮಾಡಿದ ಪುಣ್ಯದ ಮೇಲೆ ಸ್ವಲ್ಪ ಹೆಚ್ಚೇ ಆಸೆ ಇರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಅಂಥವರು ಸಿಕ್ಕಿ ಮತ್ತೆ ಮತ್ತೆ ಅದನ್ನೇ ಒತ್ತಿದರೆ ನಿಮ್ಮ ವಕೀಲರ ಮೂಲಕ ಕೇಂದ್ರಕ್ಕೆ ತಿಳಿಸಿ, ಬೇರೆಯವರನ್ನು ಕೇಳಿ. ಅದರಿಂದ ಯಾರೂ ನಿಮ್ಮನ್ನು ಹಟಮಾರಿ ಎಂದು ಬರೆದುಕೊಳ್ಳುವುದಿಲ್ಲ.

ಆಡಿದ ಮಾತು ತಿರುಗಿ ಬೀಳುವ ಭಯದ ವಿಚಾರ. ಮೋತಿ ರಾಮ್ ವಿರುದ್ಧ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಒಪ್ಪಂದವಾದರೆ ಸಹಿ ಬಿದ್ದ ಒಪ್ಪಂದವನ್ನು ನ್ಯಾಯಾಲಯಕ್ಕೆ ಕಳುಹಿಸಬೇಕು. ಆಗದಿದ್ದರೆ ‘ಮಧ್ಯಸ್ಥಿಕೆ ಫಲಿಸಲಿಲ್ಲ’ ಎಂಬ ಒಂದು ಸಾಲನ್ನಷ್ಟೇ ಬರೆಯಬೇಕು. ಯಾರು ಏನು ಹೇಳಿದರು, ಯಾರು ಎಷ್ಟಕ್ಕೆ ಇಳಿದರು, ಯಾರು ಅತ್ತರು ಎಂಬುದೊಂದೂ ನ್ಯಾಯಾಧೀಶರಿಗೆ ಗೊತ್ತಾಗುವಂತಿಲ್ಲ. ಮಧ್ಯಸ್ಥಗಾರರನ್ನು ಸಾಕ್ಷಿಕಟ್ಟೆಗೆ ಕರೆಯುವಂತೆಯೂ ಇಲ್ಲ. ಹಾಗಾಗಿ ಅಲ್ಲಿ ‘ಐದು ಲಕ್ಷಕ್ಕೆ ಒಪ್ಪುತ್ತೇನೆ’ ಎಂದಿದ್ದನ್ನು ಹಿಡಿದುಕೊಂಡು ನಾಳೆ ಪಾಟೀಸವಾಲು ಹಾಕಲು ಬರುವುದಿಲ್ಲ.

ವಿಚಿತ್ರವೆಂದರೆ ಜನ ಈ ಕೋಣೆಗೆ ಹೆದರುತ್ತಾರೆ, ಕೈಯಲ್ಲಿರುವ ಮೊಬೈಲಿಗೆ ಹೆದರುವುದಿಲ್ಲ. ಗಂಡ–ಹೆಂಡತಿಯ ಫೋನ್ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದರೂ ವೈವಾಹಿಕ ಪ್ರಕರಣದಲ್ಲಿ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶ ಮಧ್ಯಸ್ಥಿಕೆಯಲ್ಲಿ ಆಡಿದ ಯಾವ ಮಾತಿಗಿಂತಲೂ ದುಬಾರಿಯಾದೀತು. ಜಗಳವನ್ನು ಫೋನಿನಿಂದ ತೆಗೆದು ಕೋಣೆಯೊಳಕ್ಕೆ ಹಾಕಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಈಗಾಗಲೇ ಇರುವ ದಾಖಲೆಯನ್ನು ಅಲ್ಲಿ ತೋರಿಸಿದ ಮಾತ್ರಕ್ಕೆ ಅದು ಗುಟ್ಟಾಗಿಬಿಡುವುದಿಲ್ಲ. ಬ್ಯಾಂಕಿನ ವಿವರ ಬ್ಯಾಂಕಿನಲ್ಲೂ ಇರುತ್ತದೆ, ಅದನ್ನು ಕೋರ್ಟಿಗೆ ಬೇರೆ ದಾರಿಯಿಂದ ತರಿಸಬಹುದು.

ಈಗ ಅಣ್ಣನ ಮಾತಿಗೆ ಬರುತ್ತೇನೆ. ‘ಕೇಸು ನಡೆಯಲಿ’ ಎನ್ನುವುದರಲ್ಲಿ ತಪ್ಪೇನಿಲ್ಲ. ಕೆಲವು ಕೇಸುಗಳು ನಡೆಯಲೇಬೇಕು. ಆದರೆ ಕೇಸು ಏಕೆ ಇಷ್ಟು ಕೊಳಕಾಗುತ್ತದೆ ಎಂಬುದು ಅವರಿಗೆ ತಿಳಿದಿರಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ‘ನಮ್ಮಿಬ್ಬರಿಗೆ ಹೊಂದಿಕೆಯಾಗಲಿಲ್ಲ’ ಎಂಬುದು ವಿಚ್ಛೇದನಕ್ಕೆ ಆಧಾರವಲ್ಲ. ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ಮದುವೆಯನ್ನು ರದ್ದುಗೊಳಿಸುವ ವಿಶೇಷಾಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಹೇಳಿತು. ನಿಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಅಲ್ಲಿ ಒಬ್ಬರು ಇನ್ನೊಬ್ಬರ ತಪ್ಪನ್ನು ರುಜುವಾತು ಮಾಡಲೇಬೇಕು. ಆದ್ದರಿಂದ ಅರ್ಜಿ ಬರೆಯುವ ವಕೀಲರು ಹನ್ನೊಂದು ವರ್ಷಗಳಲ್ಲಿ ಆರಿಸಿ ಆರಿಸಿ ಕೆಟ್ಟ ದಿನಗಳನ್ನು ಪೋಣಿಸುತ್ತಾರೆ. ಅದನ್ನು ಓದಿ ನಿಮಗೆ ಮೈ ಉರಿಯುತ್ತದೆ, ನಿಮ್ಮ ತಕರಾರು ಅರ್ಜಿಯಲ್ಲಿ ಅದಕ್ಕಿಂತ ಕೆಟ್ಟ ದಿನಗಳು ಬರುತ್ತವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕಾಗದದ ಮೇಲಿನ ಗಂಡ, ಕಾಗದದ ಮೇಲಿನ ಹೆಂಡತಿಯೇ ನಿಜವೆಂದು ಇಬ್ಬರೂ ನಂಬಿರುತ್ತಾರೆ.

ತಪ್ಪು ಹೊರಿಸದೆ ಹೊರಬರುವ ಬಾಗಿಲು ಒಂದೇ: 13ಬಿ ಕಲಮು, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ. 1976ರ ತಿದ್ದುಪಡಿಯಲ್ಲಿ ಅದು ಕಾಯ್ದೆಗೆ ಸೇರಿತು. ಒಂದು ವರ್ಷ ಬೇರೆ ಬೇರೆ ಇದ್ದವರು ಜೊತೆಯಾಗಿ ಅರ್ಜಿ ಹಾಕಬೇಕು, ಆರು ತಿಂಗಳ ಬಳಿಕ ಮತ್ತೆ ಬಂದು ಒಪ್ಪಿಗೆಯನ್ನು ಖಚಿತಪಡಿಸಬೇಕು. ಈ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಂಟಿ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ಜೀವನಾಂಶ, ಮಕ್ಕಳು ಎಲ್ಲವೂ ನಿಜವಾಗಿ ತೀರ್ಮಾನವಾಗಿದ್ದರೆ ನ್ಯಾಯಾಧೀಶರು ಅದನ್ನು ಮನ್ನಾ ಮಾಡಬಹುದು. ನೀವು ಬೇರೆಯಾಗಿ ಇಪ್ಪತ್ತು ತಿಂಗಳಾಗಿದೆ. ಈಗಿರುವ ಜಗಳದ ಅರ್ಜಿಯನ್ನು ಬದಿಗಿಟ್ಟು ಈ ಬಾಗಿಲಿನಿಂದ ಹೊರಡಲು ಸಾಧ್ಯ. ಆದರೆ ಅದಕ್ಕೆ ಒಪ್ಪಂದ ಬೇಕು, ಒಪ್ಪಂದಕ್ಕೆ ಯಾರಾದರೂ ಕೂರಿಸಿ ಮಾತನಾಡಿಸಬೇಕು. ಮಧ್ಯಸ್ಥಿಕೆಯ ಉಪಯೋಗ ಇಷ್ಟೇ, ಇದಕ್ಕಿಂತ ದೊಡ್ಡ ಮಾತನ್ನು ನಾನು ಅದರ ಪರವಾಗಿ ಆಡುವುದಿಲ್ಲ. (ನಿಮ್ಮದು ಹಿಂದೂ ವಿವಾಹ ಕಾಯ್ದೆಯ ಪ್ರಕರಣವೆಂದು ಭಾವಿಸಿದ್ದೇನೆ. ಬೇರೆ ಕಾಯ್ದೆಯಡಿ ಮದುವೆಯಾದವರಿಗೆ ಕಲಮುಗಳು ಬೇರೆ. ಕೋಣೆಯೊಳಗಿನ ಕ್ರಮ ಇದೇ.)

ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ: ‘ಕೈ ಮಾಡಿದ್ದೂ ಇದೆ.’ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿ ಅದು. ಪಂಚಾಯಿತಿಯಲ್ಲಿ ಅದನ್ನು ಯಾರೂ ಕೇಳಿರಲಿಕ್ಕಿಲ್ಲ. ನೀವೇ ನಿಮ್ಮನ್ನು ಕೇಳಿಕೊಳ್ಳಿ: ಅವರು ಎದುರಿಗೆ ಕುಳಿತಿರುವಾಗ ‘ಇಲ್ಲ, ಇದಕ್ಕೆ ನಾನು ಒಪ್ಪುವುದಿಲ್ಲ’ ಎನ್ನಲು ನಿಮಗೆ ಆಗುತ್ತದೆಯೇ? ಅವರು ಹುಬ್ಬು ಗಂಟಿಕ್ಕಿದರೆ ನಿಮ್ಮ ಮಾತು ಅರ್ಧಕ್ಕೆ ನಿಲ್ಲುತ್ತದೆಯೇ? ನಿಲ್ಲುವುದಾದರೆ ಒಂದೇ ಮೇಜಿಗೆ ಕೂರಬೇಡಿ. ಮೊದಲ ದಿನವೇ ನಿಮ್ಮ ವಕೀಲರ ಮೂಲಕ ಮಧ್ಯಸ್ಥಗಾರರಿಗೆ ವಿಷಯ ತಿಳಿಸಿ, ನಿಮ್ಮನ್ನು ಪ್ರತ್ಯೇಕವಾಗಿಯೇ ಮಾತನಾಡಿಸುವಂತೆ ಕೇಳಿ. ಬರುವ ಹೊತ್ತು, ಹೋಗುವ ಹೊತ್ತು ಬೇರೆ ಬೇರೆಯಾಗಿರಲಿ. ವಿಡಿಯೊ ಮೂಲಕ ಹಾಜರಾಗಲು ಅವಕಾಶವಿದೆಯೇ ವಿಚಾರಿಸಿ. ಇಷ್ಟಾದ ಮೇಲೂ ಭಯ ಬಿಡದಿದ್ದರೆ ಮಧ್ಯಸ್ಥಿಕೆ ಬೇಡವೆಂದು ಹೇಳಿ ನ್ಯಾಯಾಲಯಕ್ಕೇ ಹಿಂದಿರುಗಿ. ಹೆದರಿ ಹಾಕಿದ ಸಹಿಗಿಂತ ಮೂರು ವರ್ಷದ ಕೇಸು ಎಷ್ಟೋ ವಾಸಿ.

ಈವರೆಗೆ ದೂರು ಕೊಡದಿರುವುದರಿಂದ ನಿಮ್ಮ ಹಕ್ಕು ಹೋಗಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ರಕ್ಷಣಾದೇಶ, ವಾಸದ ಹಕ್ಕು, ಹಣಕಾಸಿನ ಪರಿಹಾರ ಕೇಳಬಹುದು. ಇದು ಮಧ್ಯಸ್ಥಿಕೆಗೆ ಅಡ್ಡಿಯಲ್ಲ. ಆದರೆ ಇಲ್ಲೊಂದು ಅಪ್ರಿಯವಾದ ಮಾತನ್ನೂ ಹೇಳಬೇಕು. ‘ಒಂದು ಕ್ರಿಮಿನಲ್ ಕೇಸು ಜಡಿಯಿರಿ, ತಾನಾಗಿಯೇ ದಾರಿಗೆ ಬರುತ್ತಾರೆ’ ಎಂಬ ಸಲಹೆ ಕೊಡುವವರು ನಿಮ್ಮ ಸುತ್ತಲೂ ಇದ್ದೇ ಇರುತ್ತಾರೆ. ಹಿಂಸೆ ನಡೆದಿದ್ದು ನಿಮಗೆ ರಕ್ಷಣೆ ಬೇಕಿದ್ದರೆ ಖಂಡಿತ ದೂರು ಕೊಡಿ. ಹಣ ಏರಿಸುವುದಕ್ಕಾಗಿ ಮಾತ್ರ ಕೊಡಬೇಡಿ. ಹೆಂಡತಿಯ ಮೇಲೆ ಗಂಡ ಅಥವಾ ಅವನ ನೆಂಟರು ಎಸಗುವ ಕ್ರೌರ್ಯವನ್ನು ಶಿಕ್ಷಿಸುವ, ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಅದು ನೀವು ಬೇಡವೆಂದ ಕೂಡಲೇ ಹಿಂಪಡೆಯಬಹುದಾದ ಕೇಸಲ್ಲ. ರಾಜಿಯಾದ ಮೇಲೆ ರದ್ದುಪಡಿಸಲು ಹೈಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಅವರ ವಯಸ್ಸಾದ ತಾಯಿಯೂ ಆರೋಪಿಯಾಗಿ ನಿಂತಿದ್ದರೆ, ಒಪ್ಪಂದಕ್ಕೆ ಸಿದ್ಧನಿದ್ದ ಮನುಷ್ಯನೂ ಕಲ್ಲಾಗಿರುತ್ತಾನೆ. ಇದನ್ನು ನಾನು ಬಹಳ ಸಲ ಕಂಡಿದ್ದೇನೆ.

ಹಾಗೆಯೇ, ಮಧ್ಯಸ್ಥಿಕೆ ನಡೆಯುತ್ತಿದೆಯಲ್ಲ ಎಂದು ಮಧ್ಯಂತರ (ಕೇಸು ಮುಗಿಯುವವರೆಗಿನ) ಜೀವನಾಂಶದ ಅರ್ಜಿಯನ್ನು ಮುಂದೂಡಬೇಡಿ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಈಗಲೇ ಹಾಕಿಸಿ. ರಜನೇಶ್ ವಿರುದ್ಧ ನೇಹಾ ಪ್ರಕರಣದ 2020ರ ತೀರ್ಪಿನಂತೆ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ‘ಹೇಗೂ ರಾಜಿಯಾಗುತ್ತದೆ’ ಎಂದು ಆರು ತಿಂಗಳು ಕಾದರೆ ಆ ಆರು ತಿಂಗಳು ಹೋದಂತೆಯೇ. ಅದೇ ತೀರ್ಪು ಇನ್ನೊಂದು ಉಪಕಾರವನ್ನೂ ಮಾಡಿದೆ: ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕು. ಆ ಕಾಗದ ಕೈಗೆ ಬರುವ ಮೊದಲು ಹಣದ ಮಾತಿಗೆ ಕೂರುವುದೆಂದರೆ ತಕ್ಕಡಿ ಇಲ್ಲದೆ ವ್ಯಾಪಾರಕ್ಕೆ ಹೋದಂತೆ.

ನಿಮ್ಮ ಕಡೆಯ ಲೆಕ್ಕವೂ ಬೇಕು. ‘ಎಷ್ಟು ಬೇಕು?’ ಎಂದು ಕೇಳಿದಾಗ ಹತ್ತರಲ್ಲಿ ಎಂಟು ಮಂದಿ ಯಾರೋ ಹೇಳಿದ ಒಂದು ದುಂಡು ಮೊತ್ತವನ್ನು ಹೇಳುತ್ತಾರೆ. ಏಕೆ ಅಷ್ಟು ಎಂದರೆ ಉತ್ತರವಿರುವುದಿಲ್ಲ. ಇನ್ನೊಂದು ಕಡೆಯವರು ಅದನ್ನು ಅರ್ಧಕ್ಕೆ ಇಳಿಸಿದಾಗ ತಡೆಯಲು ಕಾರಣವೂ ಇರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ತಿಂಗಳ ಖರ್ಚು ಬರೆಯಿರಿ. ಶಾಲೆಯ ಶುಲ್ಕ, ಶಾಲಾ ವಾಹನ, ಔಷಧ, ಬಾಡಿಗೆ ಮನೆಗೆ ಹೋದರೆ ಮುಂಗಡ, ಮಗಳು ಹತ್ತನೇ ತರಗತಿಗೆ ಬರುವ ವರ್ಷ, ಮಗ ಬರುವ ವರ್ಷ, ಎಲ್ಲವೂ ಇರಲಿ. ಆ ಪುಟಗಳನ್ನು ಮೇಜಿನ ಮೇಲಿಟ್ಟರೆ ಚೌಕಾಸಿಯ ಧಾಟಿಯೇ ಬದಲಾಗುತ್ತದೆ.

ಒಂದೇ ಸಲಕ್ಕೆ ಇಡಿಗಂಟು ತೆಗೆದುಕೊಳ್ಳುವುದೋ, ತಿಂಗಳು ತಿಂಗಳು ಪಡೆಯುವುದೋ? ಇಡಿಗಂಟಿನಲ್ಲಿ ಮತ್ತೆ ಮತ್ತೆ ಅವರ ಮುಖ ನೋಡುವ, ಬಾಕಿಗಾಗಿ ಕೋರ್ಟು ಹತ್ತುವ ತಾಪತ್ರಯವಿಲ್ಲ. ಆದರೆ ಬೆಲೆ ಏರಿದರೂ ಅಷ್ಟೇ, ಅಣ್ಣನ ವ್ಯಾಪಾರಕ್ಕೆ ‘ಸ್ವಲ್ಪ ದಿನಕ್ಕೆಂದು’ ಕೊಟ್ಟು ಕಳೆದುಕೊಂಡರೂ ಅಷ್ಟೇ. (ಅಣ್ಣ ಕ್ಷಮಿಸಲಿ. ಅಂಥ ಪ್ರಕರಣಗಳನ್ನು ನೋಡಿದವರಿಗಷ್ಟೇ ಈ ಮಾತು ಅರ್ಥವಾಗುತ್ತದೆ.) ತಿಂಗಳ ಜೀವನಾಂಶವನ್ನು ಪರಿಸ್ಥಿತಿ ಬದಲಾದಾಗ ಹೆಚ್ಚಿಸಲು ಕೇಳಬಹುದು, ಅವರೂ ಇಳಿಸಲು ಕೇಳಬಹುದು; ಕೆಲಸ ಬಿಟ್ಟೆನೆಂದು ನಿಲ್ಲಿಸಿಬಿಡುವ ಅಪಾಯವೂ ಇದೆ. ನಿಮ್ಮ ಪಾಲು ಇಡಿಗಂಟಾಗಿ, ಮಕ್ಕಳದ್ದು ತಿಂಗಳಿಗೊಮ್ಮೆ ವರ್ಷಕ್ಕಿಷ್ಟು ಏರುವಂತೆ, ಶಾಲೆಯ ಶುಲ್ಕ ನೇರವಾಗಿ ಶಾಲೆಗೆ ಕಟ್ಟುವಂತೆ ಇದ್ದರೆ ಒಳ್ಳೆಯದೆಂದು ನನ್ನ ಅನುಭವ. ಏನೇ ಆದರೂ ಮಕ್ಕಳ ಹಕ್ಕನ್ನು ನಿಮ್ಮ ಮೊತ್ತದೊಳಗೆ ಕರಗಿಸಬೇಡಿ. ‘ಇನ್ನು ಮಕ್ಕಳಿಗಾಗಿ ಏನನ್ನೂ ಕೇಳುವುದಿಲ್ಲ’ ಎಂಬ ಸಾಲು ಒಪ್ಪಂದದಲ್ಲಿ ಬಂದರೆ ಹೊಡೆದು ಹಾಕಿಸಿ. ಅವರ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ.

ಒಡವೆಯದು ಸುಲಭ, ಆದರೆ ಜಗಳ ಹೆಚ್ಚು. ಮದುವೆಯಲ್ಲಿ ನಿಮಗೆ ಬಂದದ್ದು ನಿಮ್ಮ ಸ್ತ್ರೀಧನ. ಅದರ ಒಡತಿ ನೀವೊಬ್ಬರೇ, ಅತ್ತೆ ಇಟ್ಟುಕೊಂಡವರು ಮಾತ್ರ. ಇದು 1985ರ ಪ್ರತಿಭಾ ರಾಣಿ ತೀರ್ಪಿನಿಂದಲೂ ಸ್ಪಷ್ಟವಾಗಿರುವ ವಿಷಯ. ಬಿಲ್ಲು, ಮದುವೆಯ ಫೋಟೊ ನೋಡಿ ಪಟ್ಟಿ ಮಾಡಿ. ‘ಒಡವೆಗಳನ್ನು ಹಿಂದಿರುಗಿಸತಕ್ಕದ್ದು’ ಎಂದಷ್ಟೇ ಬರೆಸಿದರೆ ಒಂದು ಸರದ ಬದಲು ಇನ್ನೊಂದು ಸರ ಬಂದೀತು. ಯಾವ ಒಡವೆ, ಎಷ್ಟು ಗ್ರಾಂ, ಯಾವ ದಿನ ಎಂಬುದು ಬರವಣಿಗೆಯಲ್ಲಿರಲಿ. ಕೇಂದ್ರದಲ್ಲಿಯೇ ವಕೀಲರ ಎದುರು ತೂಗಿಸಿ ಪಡೆಯಿರಿ.

ಮನೆ ಸಾಲದಲ್ಲಿ ಬಹಳಷ್ಟು ಜನ ಎಡವುತ್ತಾರೆ. ‘ಇನ್ನು ಮುಂದೆ ಕಂತನ್ನು ಪತಿಯೇ ಕಟ್ಟತಕ್ಕದ್ದು’ ಎಂದು ಒಪ್ಪಂದದಲ್ಲಿ ಬರೆದುಕೊಂಡು ನಿಶ್ಚಿಂತರಾಗುತ್ತಾರೆ. ಆ ಒಪ್ಪಂದಕ್ಕೆ ಬ್ಯಾಂಕು ಸಹಿ ಹಾಕಿಲ್ಲ, ಅದಕ್ಕೆ ಬದ್ಧವೂ ಅಲ್ಲ. ಅವರು ಕಂತು ತಪ್ಪಿಸಿದ ದಿನ ಬ್ಯಾಂಕಿನ ನೋಟಿಸು ನಿಮ್ಮ ಹೆಸರಿಗೂ ಬರುತ್ತದೆ, ನಿಮ್ಮ ಸಾಲದ ಚರಿತ್ರೆಯೂ ಕೆಡುತ್ತದೆ. ನಿಮ್ಮನ್ನು ಸಾಲದಿಂದ ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರ ಬೇಕು, ಇಲ್ಲವೇ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳಬೇಕು. ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುವುದಾದರೆ ನೋಂದಣಿಯ ಪ್ರಶ್ನೆಯೂ ಬರುತ್ತದೆ: ಕೇಸಿನ ವಿಷಯವೇ ಆಗಿರದ ಸ್ಥಿರಾಸ್ತಿ ರಾಜಿ ಡಿಕ್ರಿಯಲ್ಲಿ (ಒಪ್ಪಂದದಂತೆ ನ್ಯಾಯಾಲಯ ಕೊಡುವ ಅಂತಿಮ ಆದೇಶದಲ್ಲಿ) ಸೇರಿದರೆ ಅದನ್ನು ನೋಂದಾಯಿಸಲೇಬೇಕು. ಈ ಭಾಗವನ್ನು ವಕೀಲರ ಗುಮಾಸ್ತರಿಗೆ ಬಿಡದೆ ವಕೀಲರಿಂದಲೇ ಓದಿಸಿ. ಇದರ ಜೊತೆಗೆ ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಹೆಸರನ್ನೂ ನೋಡಿಕೊಳ್ಳಿ. ವಿಚ್ಛೇದನವಾದ ಮಾತ್ರಕ್ಕೆ ನಾಮಿನಿ ತಾನಾಗಿ ಬದಲಾಗುವುದಿಲ್ಲ.

ಮಕ್ಕಳ ವಿಚಾರಕ್ಕೆ ಹೆಚ್ಚು ಹೊತ್ತು ಬೇಕು. ಕಾನೂನು ಹೇಳುವುದು ಕಡಿಮೆ: ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ, ಉಳಿದುದನ್ನೆಲ್ಲ ‘ಮಗುವಿನ ಹಿತ’ ಎಂಬ ಮಾತಿಗೆ ಬಿಡುತ್ತದೆ. ಜಗಳವಾಗುವುದು ಆ ಮಾತಿನ ಮೇಲಲ್ಲ. ಭಾನುವಾರ ಎಷ್ಟು ಗಂಟೆಗೆ ಎಂಬುದರ ಮೇಲೆ. ‘ತಂದೆಗೆ ಮಕ್ಕಳನ್ನು ಭೇಟಿ ಮಾಡುವ ಹಕ್ಕು ಇರತಕ್ಕದ್ದು’ ಎಂಬ ಒಂದು ಸಾಲಿನ ಒಪ್ಪಂದಗಳು ವರ್ಷ ತುಂಬುವುದರೊಳಗೆ ಮತ್ತೆ ನಮ್ಮ ಮೇಜಿಗೇ ಬರುತ್ತವೆ. ಹಿಂದೊಮ್ಮೆ ಒಂದು ಜೋಡಿ ಹಣ, ಮನೆ ಎಲ್ಲವನ್ನೂ ಎರಡು ಸಭೆಗಳಲ್ಲಿ ಮುಗಿಸಿ, ಮಗುವಿನ ಶಾಲಾ ಚೀಲ ಯಾವ ಮನೆಯಲ್ಲಿರಬೇಕೆಂಬುದಕ್ಕೆ ಮೂರನೆಯ ಸಭೆಯನ್ನು ಪೂರ್ತಿ ತೆಗೆದುಕೊಂಡಿತು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಆಗ ನನಗೂ ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಆ ಮೂರು ಸಭೆಗಳಲ್ಲಿ ಅದೇ ಹೆಚ್ಚು ಉಪಯೋಗಕ್ಕೆ ಬಂದದ್ದು: ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮಗು ಅಳದಿರುವ ದಾರಿಯನ್ನು ಇಬ್ಬರೂ ಸೇರಿ ಹುಡುಕಿದ್ದರು.

ಆದ್ದರಿಂದ ಸಣ್ಣದೆಂದು ಬಿಡಬೇಡಿ. ಯಾವ ವಾರ, ಎಷ್ಟು ಗಂಟೆಗೆ, ಯಾರು ಕರೆತರಬೇಕು, ಎಲ್ಲಿ ಒಪ್ಪಿಸಬೇಕು. ದಸರಾ ರಜೆ, ಬೇಸಿಗೆ ರಜೆಯ ಹಂಚಿಕೆ ಹೇಗೆ. ಜ್ವರ ಬಂದ ವಾರ ಏನು. ಫೋನ್ ಮಾತಿಗೆ ಯಾವ ಹೊತ್ತು. ಶಾಲೆಯ ಸಭೆಗೆ ಇಬ್ಬರೂ ಹೋಗಬಹುದೇ. ಪಾಸ್‌ಪೋರ್ಟ್ ಮಾಡಿಸುವಾಗ ಯಾರ ಸಹಿ. ಊರು ಬಿಟ್ಟು ಹೋಗುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು. ಎಲ್ಲವನ್ನೂ ಬರೆಯಿಸಿ. ನಾಲ್ಕು ವರ್ಷದ ಮಗನಿಗೆ ಪದೇ ಪದೇ ಆಗುವ ಚಿಕ್ಕ ಭೇಟಿಗಳು ಬೇಕು, ತಿಂಗಳಿಗೊಮ್ಮೆ ಎರಡು ದಿನ ಎಂಬುದು ಅವನ ಲೆಕ್ಕದಲ್ಲಿ ಒಂದು ಯುಗ. ಒಂಬತ್ತರ ಮಗಳಿಗೆ ಗೆಳತಿಯ ಹುಟ್ಟುಹಬ್ಬವೂ ಮುಖ್ಯ. ಇಬ್ಬರಿಗೂ ಒಂದೇ ವೇಳಾಪಟ್ಟಿ ಸರಿಹೋಗದೆ ಇರಬಹುದು. ಎರಡು ವರ್ಷಕ್ಕೊಮ್ಮೆ ಇದನ್ನು ಮತ್ತೆ ನೋಡುವ ಮಾತನ್ನೂ ಸೇರಿಸಿ. ಮಕ್ಕಳ ಕುರಿತ ಆದೇಶವನ್ನು ಪರಿಸ್ಥಿತಿಗೆ ತಕ್ಕಂತೆ ಬದಲಿಸಲು ನ್ಯಾಯಾಲಯಕ್ಕೆ ಯಾವಾಗಲೂ ಅಧಿಕಾರವಿದೆ. ಮಗಳನ್ನು ‘ಅಪ್ಪ ಬೇಕೋ, ಅಮ್ಮ ಬೇಕೋ’ ಎಂದು ಮಾತ್ರ ಕೇಳಬೇಡಿ, ಕೇಳಲು ಬೇರೆಯವರನ್ನೂ ಬಿಡಬೇಡಿ. ಅಗತ್ಯ ಬಿದ್ದರೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಅವಳೊಂದಿಗೆ ಬೇರೆ ರೀತಿಯಲ್ಲಿ ಮಾತನಾಡುತ್ತಾರೆ.

ಒಪ್ಪಂದವಾದರೂ ಮೈಮರೆಯಬಾರದ ಒಂದು ಜಾಗವಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂಪಡೆಯಬಹುದೆಂದು 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮೊದಲೇ ಎಲ್ಲವನ್ನೂ ಬಿಟ್ಟುಕೊಟ್ಟು ಅವರು ಕೊನೆಗೆ ಕೈಯೆತ್ತಿದರೆ ಕಷ್ಟ. ಅವರು ಪೂರ್ತಿ ಹಣ ಕೊಟ್ಟ ಮೇಲೆ ನೀವು ಬಾರದಿದ್ದರೂ ಅಷ್ಟೇ ಕಷ್ಟ, ಆ ಭಯ ಅವರಿಗೂ ಇರುತ್ತದೆ. ಹಾಗಾಗಿ ಕೊಡುವುದು, ಬಿಡುವುದು ಎರಡೂ ಹೆಜ್ಜೆ ಹೆಜ್ಜೆಯಾಗಿ ನಡೆಯಲಿ: ಜಂಟಿ ಅರ್ಜಿಯ ದಿನ ಒಂದು ಭಾಗ, ಅಂತಿಮ ಹೇಳಿಕೆಯ ದಿನ ಡಿ.ಡಿ. ಮೂಲಕ ಉಳಿದದ್ದು. ಕ್ರಿಮಿನಲ್ ಕೇಸಿದ್ದರೆ ಅದರ ರದ್ದತಿಗೆ ಒಂದು ಕಂತು ಕಟ್ಟಿಡುವುದು ವಾಡಿಕೆ. ಚೆಕ್ಕನ್ನು ನಂಬಿ ಅಂತಿಮ ಹೇಳಿಕೆ ಕೊಡಬೇಡಿ.

ಫಲಿಸದಿದ್ದರೆ? ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಮಧ್ಯಸ್ಥಿಕೆಗೆ ಸ್ಥೂಲವಾಗಿ ಎರಡು ತಿಂಗಳ ಗಡುವು, ನ್ಯಾಯಾಲಯ ಒಪ್ಪಿದರೆ ಇನ್ನಷ್ಟು ದಿನ. ನೀವು ಕಳೆದುಕೊಳ್ಳುವುದು ನಾಲ್ಕಾರು ಮಧ್ಯಾಹ್ನಗಳನ್ನು. ಅರ್ಧ ಒಪ್ಪಂದವೂ ಆಗಬಹುದು: ಮಕ್ಕಳ ವಿಷಯ ಇತ್ಯರ್ಥವಾಗಿ ಹಣದ್ದು ಕೋರ್ಟಿಗೆ ಉಳಿಯಬಹುದು. ವಿಚ್ಛೇದನಕ್ಕೆ ಮನಸ್ಸು ಇನ್ನೂ ಸಿದ್ಧವಿಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯ 10ನೇ ಕಲಮಿನ ನ್ಯಾಯಿಕ ಪ್ರತ್ಯೇಕತೆಯ ಬಗ್ಗೆ ಮಾತನಾಡಿ. ಮದುವೆ ಉಳಿದು, ಒಟ್ಟಿಗಿರುವ ಕಟ್ಟುಪಾಡು ಇಲ್ಲವಾಗುತ್ತದೆ. ಲೋಕ ಅದಾಲತ್ತಿಗೆ ಹೋಗುವುದಾದರೆ ನೆನಪಿರಲಿ, ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ, ಜನಸಂದಣಿಯ ದಿನ ನಿಮ್ಮ ಶಾಲಾ ಚೀಲದ ಮಾತಿಗೆ ಹೊತ್ತೂ ಇರುವುದಿಲ್ಲ. ಇನ್ನೊಂದು ದಾರಿಯನ್ನು ಊರಿನವರು ತೋರಿಸಿಯೇ ತೋರಿಸುತ್ತಾರೆ: ಛಾಪಾ ಕಾಗದದ ಮೇಲೆ ಸೋಡಚೀಟಿ (ಮದುವೆ ಬಿಟ್ಟೆವೆಂಬ ಪತ್ರ) ಬರೆದು ನೋಟರಿ ಮುದ್ರೆ ಹಾಕಿಸುವುದು. ಕಾಯ್ದೆ ಒಪ್ಪುವ ರೂಢಿಯ ವಿಚ್ಛೇದನ ನಿಮ್ಮ ಸಮುದಾಯದಲ್ಲಿ ಇದೆಯೆಂದು ರುಜುವಾತು ಮಾಡಲಾಗದಿದ್ದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದವರು ಮುಂದೆ ಪಡುವ ಪಾಡು ಬೇರೆಯೇ ಕಥೆ.

ವಕೀಲರ ಶುಲ್ಕ ಭಾರವಾಗುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಮನೆಯಲ್ಲಿ ಅಥವಾ ದಾರಿಯಲ್ಲಿ ಬೆದರಿಕೆ ಬಂದರೆ 112 ಅಥವಾ ಮಹಿಳಾ ಸಹಾಯವಾಣಿ 181.

ಅಣ್ಣನನ್ನು ಕರೆದುಕೊಂಡೇ ಹೋಗಿ. ಅವರು ಹೊರಗಿನ ಬೆಂಚಿನಲ್ಲಿ ಕೂರಲಿ. ಒಳಗೆ ಏನಾಯಿತೆಂದು ಕೇಳಿದರೆ, ಹೇಳಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಿ. ಕರಡು ಒಪ್ಪಂದ ಕೈಗೆ ಬಂದ ದಿನ ಸಹಿ ಹಾಕದೆ ‘ಮನೆಗೆ ಒಯ್ದು ಓದಿಕೊಂಡು ಬರುತ್ತೇನೆ’ ಎನ್ನಿ. ಒಂದು ರಾತ್ರಿಯ ಅವಕಾಶವನ್ನು ಯಾವ ಮಧ್ಯಸ್ಥಗಾರರೂ ನಿರಾಕರಿಸುವುದಿಲ್ಲ. ಕರಡಿನಲ್ಲಿ ಅರ್ಥವಾಗದ ಸಾಲುಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಬನ್ನಿ.